ಈ ಪುಟ ಹೆಚ್ಚಿದೆ

ನಮ್ಮ ಮನೆಯಲ್ಲಿ ಯಾವತ್ತೂ ಅಕ್ಕಿ ಮುಗಿದದ್ದಿಲ್ಲ. ಹಾಗಂತ ನಾವೇನೂ ಅನುಕೂಲಸ್ಥರಲ್ಲ. ಡಬ್ಬಿಯ ತಳದಲ್ಲಿ ಪಾವು ಕೆರೆಯುವ ಸದ್ದು ಬೀದಿಗೆ ಕೇಳಿಸುತ್ತಿದ್ದರೂ ಅಮ್ಮ ಅಪ್ಪನಿಗೆ ಹೇಳುತ್ತಿದ್ದದ್ದು, "ಅಕ್ಕಿ ಹೆಚ್ಚಿದೆ, ಬರ್ತಾ ತಗೊಂಡು ಬನ್ನಿ" ಎಂದೇ. ಅಕ್ಕಿ, ಅರಿಶಿನ, ಕುಂಕುಮ ಇವು ಯಾವುವೂ ನಮ್ಮಲ್ಲಿ ಖಾಲಿಯಾಗುತ್ತಿರಲಿಲ್ಲ, ಹೆಚ್ಚುತ್ತಿದ್ದವು. ಬಳೆ ಒಡೆಯುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಸೂರಿನ ಕೆಳಗೆ ಅಸ್ತು ದೇವತೆಗಳು ಸದಾ ಓಡಾಡಿಕೊಂಡಿರುತ್ತವಂತೆ. ನಾವು "ಇಲ್ಲ" ಅನ್ನುವ ಹೊತ್ತಿಗೆ ಸರಿಯಾಗಿ ಅವು "ಅಸ್ತು" ಅಂದುಬಿಟ್ಟರೆ ಏನು ಗತಿ?

ಇಂಥ ಅಮ್ಮನ ಮಗಳಾದ ನನಗೆ, ಐವತ್ತೆಂಟನೇ ವಯಸ್ಸಿನಲ್ಲಿ, "ಇಲ್ಲ" ಅನ್ನುವುದಕ್ಕೆಂದೇ ಒಂದು ಇಡೀ ಪುಟ ಬರೆಯುವ ಕೆಲಸ ಗಂಟುಬಿತ್ತು.

ಎಲ್ಲ ಶುರುವಾದದ್ದು ಅಮ್ಮನ ಅಡುಗೆ ನೋಟುಬುಕ್ಕಿನಿಂದ. ಇನ್ನೂರು ಪುಟದ ಗೆರೆ ಪುಸ್ತಕ. ಮೊದಲ ಹಾಳೆಯಲ್ಲಿ ಅಮ್ಮನೇ ದುಂಡಗೆ ಬರೆದ ಪರಿವಿಡಿ. ಒಳಗೆಲ್ಲ ಎಣ್ಣೆ ಕಲೆ, ಅರಿಶಿನದ ಬೆರಳಚ್ಚು, ಒಂದೆರಡು ಕಡೆ ಹಾಲಿನವನ ಲೆಕ್ಕ. ಅಮ್ಮ ಹೋದ ಮೇಲೆ ಅವಳ ಸರ, ಬಳೆಗೆ ಜಗಳವಾಡದ ನಾವು ಮೂರು ಮಕ್ಕಳು ಈ ಪುಸ್ತಕಕ್ಕೆ ಮುಖ ಊದಿಸಿಕೊಂಡೆವು. ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಅಣ್ಣನ ಮಗಳು ಪುಟ್ಟಿ ಪಂಚಾಯ್ತಿ ಮಾಡಿದಳು. "ಪುಸ್ತಕ ಯಾರ ಹತ್ರಾನಾದ್ರೂ ಇರಲಿ. ಅತ್ತೆ, ನೀವು ಟೈಪ್ ಮಾಡಿಕೊಡಿ. ಒಂದು ಸ್ಟ್ಯಾಟಿಕ್ ವೆಬ್‌ಸೈಟ್ ಮಾಡಿಬಿಡೋಣ. ಎಲ್ಲರಿಗೂ ಸಿಗತ್ತೆ."

ಸ್ಟ್ಯಾಟಿಕ್ ಅಂದರೇನು ಎಂದು ಕೇಳಿದೆ. ಕೆಲವು ವೆಬ್‌ಸೈಟುಗಳು ಹೋಟೆಲಿನ ಹಾಗೆ, ಗಿರಾಕಿ ಬಂದು ಕೇಳಿದ ಮೇಲೆ ಒಳಗಿನ ಉಗ್ರಾಣದಿಂದ ಸಾಮಾನು ತೆಗೆದು ಆಗಲೇ ಪುಟ ಬೇಯಿಸಿ ಕೊಡುತ್ತವೆ. ಸ್ಟ್ಯಾಟಿಕ್ ಅಂದರೆ ಬುತ್ತಿ. ಮೊದಲೇ ಮಾಡಿ ಕಟ್ಟಿಟ್ಟದ್ದು. ಕೇಳಿದವರಿಗೆ ಎತ್ತಿ ಕೊಡುವುದಷ್ಟೇ. ಗಿಟ್‌ಹಬ್ ಪೇಜಸ್‌ನಂಥ ಕಡೆ ದುಡ್ಡೂ ಕೊಡಬೇಕಾಗಿಲ್ಲ. ಬುತ್ತಿ ಎಂದ ಮೇಲೆ ನನಗೆ ಧೈರ್ಯ ಬಂತು. ಮೂರು ತಿಂಗಳು ಕೂತು ಟೈಪಿಸಿದೆ. ಕಡತಗಳಿಗೆಲ್ಲ ಕನ್ನಡದಲ್ಲೇ ಹೆಸರಿಟ್ಟೆ. ಗೊಜ್ಜು, ಸಾರು, ಹುಳಿ, ತಂಬುಳಿ ಎಂದು ಸಾಲಾಗಿ. ವಾಟ್ಸ್ಯಾಪಿನಲ್ಲಿ ಕೊಂಡಿಗಳನ್ನು ನೆಂಟರಿಷ್ಟರಿಗೆಲ್ಲ ಹಂಚಿದೆ.

ಗೊಜ್ಜಿನಿಂದಲೇ ಗೋಜಲು ಶುರುವಾಯಿತು.

"ಅತ್ತೆ, ಗೊಜ್ಜು ಸಿಗ್ತಿಲ್ಲ" ಎಂದು ಪುಟ್ಟಿ ಫೋನ್ ಮಾಡಿದಳು. ನನ್ನ ಕಣ್ಣೆದುರಿಗೇ ಕಡತವಿದೆ. ಕೊಂಡಿಯಲ್ಲೂ ಗೊಜ್ಜು, ಕಡತದ ಮೇಲೂ ಗೊಜ್ಜು. ಕನ್ನಡಕ ಒರೆಸಿ ನೋಡಿದರೂ ಗೊಜ್ಜೇ. ಅರ್ಧ ಗಂಟೆ ತಡಕಾಡಿ ಅವಳೇ ಪತ್ತೆ ಮಾಡಿದಳು. "ನಿಮ್ಮ ಗೊಜ್ಜು ಎರಡು ಥರ ಇದೆ."

"ಎರಡಲ್ಲ ಕಣೆ, ಏಳು ಥರ ಇದೆ. ಹಾಗಲಕಾಯಿ, ಅನಾನಸ್, ಮಾವಿನಕಾಯಿ..."

ಅವಳು ಹೇಳಿದ್ದು ಅದಲ್ಲ. "ಗೊ" ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಹಾಕಿ ಅದರ ಪಕ್ಕ ಊಕಾರದ ಕೊಂಬು ಒತ್ತಿಯೂ ತರಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಇವು ಬೇರೆ ಬೇರೆ ಮನೆತನ. ನಾನು ಕಡತಕ್ಕೆ ಒಂದು ಥರ ಬರೆದು, ಕೊಂಡಿಗೆ ಇನ್ನೊಂದು ಥರ ಬರೆದಿದ್ದೆ. ಸಾಲದ್ದಕ್ಕೆ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ವಿಳಾಸದೊಳಗೆ ಒಂದೊಂದು ಬೈಟೂ ಒಂದು ಶೇಕಡಾ ಗುರುತು, ಎರಡು ಅಕ್ಷರಗಳಾಗಿ ಹಿಗ್ಗುತ್ತದೆ. ಗ, ಒತ್ವ, ಜ, ವಿರಾಮ, ಇನ್ನೊಂದು ಜ, ಕೊಂಬು ಸೇರಿ ಆರು ಚಿಹ್ನೆಯ ನನ್ನ ಗೊಜ್ಜು ವಾಟ್ಸ್ಯಾಪಿಗೆ ಬರುವಾಗ 54 ಅಕ್ಷರಗಳ ಉದ್ದದ ಬಾಲವಾಗಿತ್ತು. ಅದನ್ನು ನೋಡಿದ ನೆಂಟರೊಬ್ಬರು ಇದ್ಯಾವುದೋ ಬ್ಯಾಂಕ್ ದುಡ್ಡು ಎಗರಿಸುವ ಕೊಂಡಿಯೆಂದು ತಿಳಿದು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದರು.

ಬೇಜಾರಾಗಿ ಒಂದೇ ರಾತ್ರಿಯಲ್ಲಿ ಎಲ್ಲ ಕಡತಗಳಿಗೂ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಹೆಸರಿಟ್ಟು, ಶಾಲೆಯಲ್ಲಿ ಎಲ್ಲ ಲೆಕ್ಕ ಸರಿ ಮಾಡಿದವಳ ಹಾಗೆ ಮಲಗಿದೆ. ಬೆಳಗ್ಗೆ ಏಳುವಷ್ಟರಲ್ಲಿ, ಮೂರು ತಿಂಗಳಿಂದ ಹಂಚಿದ್ದ ಹಳೆಯ ಕೊಂಡಿಗಳೆಲ್ಲ ಅನಾಥವಾಗಿದ್ದವು. ಜರ್ಮನಿಯ ಮ್ಯೂನಿಕ್‌ನಲ್ಲಿರುವ ಅಕ್ಕನ ಮಗ ಒಂದು ಚಿತ್ರ ಕಳಿಸಿದ್ದ. ಬಿಳಿ ಹಾಳೆ, ನಡುವೆ ದಪ್ಪಗೆ 404, ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಮಾತು, ನಾಟ್ ಫೌಂಡ್. "ಚಿಕ್ಕಮ್ಮ, ಅಜ್ಜಿ ಮನೆ ಬಾಗಿಲು ಹಾಕಿದೆ" ಎಂದು ಬರೆದಿದ್ದ.

ಆ ಮಾತು ಚುರುಕ್ ಎಂದಿತು. ಅಮ್ಮನ ಅಡುಗೆಮನೆಯ ಬಾಗಿಲಲ್ಲಿ, ಯಾರೋ ಗೊತ್ತಿಲ್ಲದ ಕಾವಲುಗಾರ ನಿಂತು, ಇಂಗ್ಲಿಷಿನಲ್ಲಿ, ಬಂದವರ ಮುಖಕ್ಕೆ "ಇಲ್ಲ" ಅನ್ನುವುದೇ?

"ಅದಕ್ಕೇನು, ನಮ್ಮದೇ ಎರರ್ ಪೇಜ್ ಹಾಕ್ಕೋಬಹುದು" ಎಂದಳು ಪುಟ್ಟಿ. ಮಾಡುವುದು ಬಲು ಸುಲಭವಂತೆ. ಒಂದು ಪುಟ ಬರೆಯುವುದು, ಅದಕ್ಕೆ 404 ಡಾಟ್ ಎಚ್‌ಟಿಎಂಎಲ್ ಎಂದು ಹೆಸರಿಡುವುದು, ವೆಬ್‌ಸೈಟಿನ ಬುಡದಲ್ಲಿ ತಂದು ಕೂರಿಸುವುದು. ನಮ್ಮದು ಗಿಟ್‌ಹಬ್ ಪೇಜಸ್ ಆದ್ದರಿಂದ ಅಷ್ಟೇ ಸಾಕು, ಹೆಸರು ನೋಡಿ ತಾನೇ ಎತ್ತಿಕೊಳ್ಳುತ್ತದೆ. ಅಪಾಚೆ, ಎಂಜಿನ್‌ಎಕ್ಸ್‌ನಂಥ ಸರ್ವರ್ ಆಗಿದ್ದರೆ, "ಏನೂ ಸಿಗದಿದ್ದರೆ ಈ ಪುಟ ತೋರಿಸು" ಎಂದು ಅದರ ಸಂರಚನೆಯಲ್ಲಿ ಒಂದು ಸಾಲು ಬರೆಯಬೇಕಿತ್ತು. ಸುಲಭವಾದದ್ದು ಅಷ್ಟು ಮಾತ್ರ. ಪುಟದಲ್ಲಿ ಏನು ಬರೆಯುವುದು ಎಂಬಲ್ಲಿಗೆ ಬಂದಾಗ ಅಸ್ತು ದೇವತೆಗಳು ಅಡ್ಡ ನಿಂತವು.

ನನ್ನ ಮೊದಲ ಸಲಹೆ, ಇಲ್ಲ ಅನ್ನುವುದೇ ಬೇಡ ಎಂಬುದಾಗಿತ್ತು. "ದಾರಿ ತಪ್ಪಿ ಬಂದವರನ್ನೆಲ್ಲ ಸುಮ್ಮನೆ ಮುಖಪುಟಕ್ಕೆ ಕರ್ಕೊಂಡು ಬಂದು ಕೂರಿಸಿಬಿಡೋಣ. ಇಲ್ಲ ಅಂದ ಹಾಗೂ ಆಗಲ್ಲ."

"ಅದು ಸುಳ್ಳು ಹೇಳಿದ ಹಾಗೆ ಅತ್ತೆ" ಎಂದಳು. ಪುಟ ಕೇಳಿದಾಗ ಸರ್ವರ್ ಎರಡು ಉತ್ತರ ಕೊಡುತ್ತದಂತೆ. ಒಂದು ಮನುಷ್ಯರ ಕಣ್ಣಿಗೆ ಕಾಣುವ ಪುಟ. ಅದಕ್ಕೂ ಮೊದಲು, ಯಂತ್ರದ ಕಿವಿಗೆ ಮಾತ್ರ ಬೀಳುವ ಮೂರಂಕಿಯ ಒಂದು ಸಂಖ್ಯೆ. 200 ಅಂದರೆ ಎಲ್ಲ ಸರಿ, ತಗೋ. 301 ಅಂದರೆ ಮನೆ ಕಾಯಂ ಬದಲಾಯಿಸಿದ್ದಾರೆ, ಹೊಸ ವಿಳಾಸ ಇದು. 403 ಅಂದರೆ ನಿನಗೆ ಪ್ರವೇಶವಿಲ್ಲ. 404 ಅಂದರೆ ಹುಡುಕಿದೆ, ಸಿಗಲಿಲ್ಲ. ಪುಟದಲ್ಲಿ "ಸಿಗಲಿಲ್ಲ" ಎಂದು ಬರೆದು, ಯಂತ್ರದ ಕಿವಿಯಲ್ಲಿ ಮಾತ್ರ "200, ಎಲ್ಲ ಸರಿ" ಎಂದು ಉಸುರಿದರೆ ಅದಕ್ಕೆ ಗೂಗಲ್‌ನವರು ಸಾಫ್ಟ್ 404 ಎನ್ನುತ್ತಾರೆ. ಮೆತ್ತಗಿನ ಸುಳ್ಳು. ಹುಡುಕುವ ಯಂತ್ರಗಳು ಅದನ್ನು ನಂಬಿ, ಇಲ್ಲದ ಪುಟವನ್ನು ಇದೆಯೆಂದು ತಿಳಿದು ಮತ್ತೆ ಮತ್ತೆ ಬಂದು ಹೋಗುತ್ತಿರುತ್ತವೆ.

ಇದನ್ನು ಕೇಳುತ್ತಿದ್ದ ಹಾಗೆ ನನಗೆ ಮೈಸೂರಿನ ನಮ್ಮ ಮನೆಗೆ ಬರುತ್ತಿದ್ದ ವಿಮೆಯವರ ನೆನಪಾಯಿತು. ಅಪ್ಪನನ್ನು ಹುಡುಕಿಕೊಂಡು ಒಮ್ಮೆ ಬೆಳಗ್ಗೆ ಹತ್ತಕ್ಕೇ ಬಂದರು. ಅಪ್ಪ ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಯಜಮಾನರು ಮನೆಯಲ್ಲಿಲ್ಲ ಎಂದು ಹೊಸ್ತಿಲ ಮೇಲೆ ನಿಂತು ಅನ್ನಲಾದೀತೇ? "ಬರ್ತಾರೆ, ಕೂತ್ಕೊಳ್ಳಿ" ಎಂದಳು ಅಮ್ಮ. ಅವರು ಕೂತರು. ಹನ್ನೊಂದಕ್ಕೆ ಕಾಫಿ ಕುಡಿದರು. ಒಂದಕ್ಕೆ ಸಂಕೋಚಪಡುತ್ತಲೇ ಊಟ ಮಾಡಿದರು. ನಾಲ್ಕಕ್ಕೆ ಮತ್ತೆ ಕಾಫಿ. ಸಂಜೆ ನಾನು ಶಾಲೆಯಿಂದ ಬಂದವಳು, "ಅಪ್ಪ ನಾಡಿದ್ದು ಬರೋದಲ್ವಾ?" ಎಂದು ಕೇಳಿದ ಮೇಲೆಯೇ ಅವರು ಚೀಲ ಎತ್ತಿಕೊಂಡು ಎದ್ದದ್ದು. ಅಮ್ಮ ಆ ಮನುಷ್ಯನಿಗೆ ಇಡೀ ದಿನ 200 ಹೇಳಿ ಕೂರಿಸಿದ್ದಳು.

ಪುಟ್ಟಿಗೆ ಈ ಕತೆ ಹೇಳಿದೆ. ನಕ್ಕು, "ಅಜ್ಜಿ ಕಾಫಿ ಕೊಟ್ಟಿದ್ದು ಸರಿ, ನಂಬರ್ ತಪ್ಪು" ಎಂದಳು. ಅವಳ ಪ್ರಕಾರ ಒಳ್ಳೆಯ ಎರರ್ ಪೇಜ್ ಅಂದರೆ ಇಷ್ಟೇ. ಬಾಗಿಲಲ್ಲೇ ನಿಜ ಹೇಳಬೇಕು, ಹೇಳಿದ ಮೇಲೆ ಕಾಫಿ ಕೊಡಬೇಕು. ಕಾಫಿಗೂ ಈ ಸಂಖ್ಯೆಗಳಿಗೂ ಹಳೆಯ ನಂಟಿದೆಯಂತೆ. 1998ರ ಏಪ್ರಿಲ್ 1ರಂದು, ಕಾಫಿ ಕಾಯಿಸುವ ಪಾತ್ರೆಗಳಿಗೂ ಅಂತರ್ಜಾಲದ ನಿಯಮ ಬೇಕೆಂದು ಯಾರೋ ಪುಣ್ಯಾತ್ಮರು ತಮಾಷೆಗೆ ಒಂದು ಕಟ್ಟಳೆ ಬರೆದು ಪ್ರಕಟಿಸಿದ್ದರು. ಚಹಾ ಕುಡಿಕೆಗೆ ಕಾಫಿ ಮಾಡು ಎಂದರೆ ಅದು 418 ಎಂದು ಉತ್ತರಿಸಬೇಕು, ಅಂದರೆ "ನಾನು ಚಹಾ ಕುಡಿಕೆ". ಮೈಸೂರಿನ ಫಿಲ್ಟರ್ ಕಾಫಿ ಮನೆಯವಳಾದ ನನಗೆ ಆ ಎಲ್ಲ ಸಂಖ್ಯೆಗಳಲ್ಲಿ ಪೂರ್ತಿ ಒಪ್ಪಿಗೆಯಾದದ್ದು ಅದೊಂದೇ.

404ರ ಬಗ್ಗೆ ನನ್ನದೊಂದು ತಕರಾರಿತ್ತು. ಮೊದಲ ಅಂಕಿ 5 ಆದರೆ ತಪ್ಪು ಸರ್ವರಿನದು, 4 ಆದರೆ ಕೇಳಿದವರದು ಎಂದು ಲೆಕ್ಕ. ರಾತ್ರೋರಾತ್ರಿ ಹೆಸರು ಬದಲಾಯಿಸಿದವಳು ನಾನು. ಕೆಟ್ಟವನಾದದ್ದು ಹಸಿವಿನಲ್ಲಿ ಮ್ಯೂನಿಕ್‌ನಿಂದ ಬಂದ ಹುಡುಗ. ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲೇ, ಒಳ್ಳೆಯ ವಿಳಾಸವೆಂದರೆ ಬದಲಾಗದ ವಿಳಾಸ ಎಂದು ಒಂದು ಲೇಖನವನ್ನೇ ಬರೆದು ಎಚ್ಚರಿಸಿದ್ದರಂತೆ. ಅವರು ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆಯಲ್ಲಿ 404ನೇ ನಂಬರಿನ ಕೋಣೆಯಿತ್ತು, ಅಲ್ಲಿಂದಲೇ ಈ ಸಂಖ್ಯೆ ಬಂತು ಎಂಬ ಕತೆಯೊಂದು ಊರೆಲ್ಲ ಸುತ್ತಿತು. ಅವರ ಜೊತೆಗಾರ ರಾಬರ್ಟ್ ಕಾಯೋ ಅದೆಲ್ಲ ಬರೀ ಕಟ್ಟುಕತೆ ಎಂದುಬಿಟ್ಟರು. ಸಿಗದ ಪುಟದ ಸಂಖ್ಯೆಗೆ ಸಿಗದ ಕೋಣೆ!

ಇಷ್ಟಾದ ಮೇಲೆ ಬರೆಯಲು ಕೂತೆ. "ಕ್ಷಮಿಸಿ, ನೀವು ಕೋರಿದ ಪುಟ ಲಭ್ಯವಿಲ್ಲ" ಎಂದು ಬರೆದೆ. ಮೂರನೇ ಕೌಂಟರಿನ ಗುಮಾಸ್ತರು ಕಿಟಕಿ ಎಳೆದುಕೊಂಡ ಸದ್ದು ಕೇಳಿಸಿತು. "ನೀವು ಹುಡುಕುತ್ತಿರುವ ಪುಟ ಸದ್ಯಕ್ಕೆ ವ್ಯಾಪ್ತಿ ಪ್ರದೇಶದಲ್ಲಿಲ್ಲ" ಎಂದು ಬರೆದೆ. ಮೊಬೈಲಿನ ಹೆಂಗಸು ಒಳಗೆ ಬಂದಳು. "ಕಳೆದುಹೋದ ಹಾದಿಗಳಲ್ಲೇ ಹೊಸ ಹೂವುಗಳು" ಎಂದು ಶುರುಮಾಡಿ, ಅಮ್ಮ ಕೇಳಿದ್ದರೆ "ಗೊಜ್ಜು ಕೇಳಿದೋರಿಗೆ ಹೂವು ಯಾಕೆ ಕೊಡ್ತೀಯ?" ಅನ್ನುತ್ತಿದ್ದಳೆಂದು ಹೊಡೆದುಹಾಕಿದೆ. ಅಮ್ಮ ಏನನ್ನುತ್ತಿದ್ದಳು ಎಂದು ಯೋಚಿಸಿದ ಮೇಲೆ ಮಿಕ್ಕದ್ದು ತಾನೇ ಬಂತು.

"ಈ ಪುಟ ಹೆಚ್ಚಿದೆ. ಅಷ್ಟು ದೂರದಿಂದ ಬಂದಿದ್ದೀರಿ, ಒಂದು ನಿಮಿಷ ಕೂತ್ಕೊಳ್ಳಿ. ಗೊಜ್ಜು ಈ ಕಡೆ, ಸಾರು ಆ ಕಡೆ. ಬರಿಗೈಲಿ ಮಾತ್ರ ಹೋಗಬೇಡಿ."

ಹಾಕಿದ ಅರ್ಧ ಗಂಟೆಗೆ ಮ್ಯೂನಿಕ್‌ನಿಂದ ಫೋನ್. "ಚಿಕ್ಕಮ್ಮ, ಪುಟ ಹೆಚ್ಚಿದೆ ಅಂದ್ರೆ? ಈರುಳ್ಳಿ ಹೆಚ್ಚೋದು ಗೊತ್ತು. ಪುಟ ಯಾಕೆ ಹೆಚ್ಚಿದ್ರಿ?" ಆ ಅರ್ಥವಲ್ಲ ಕಣೋ ಎಂದೆ. "ಹಾಗಾದ್ರೆ ಜಾಸ್ತಿ ಆಗಿದೆ ಅಂತಾನಾ? ಜಾಸ್ತಿ ಇದ್ರೆ ಒಂದು ಕೊಡಿ, ಇಲ್ಲ ಅಂತ ಯಾಕೆ ಹೇಳ್ತೀರಿ?" ಎಂದ. ಇದ್ದದ್ದು ಮುಗಿದಾಗ ಹೆಚ್ಚಿದೆ ಅನ್ನುವ ಒಂದು ಭಾಷೆಯನ್ನು ಫೋನಿನಲ್ಲಿ ವಿವರಿಸಲು ಹೋಗಿ ಇಪ್ಪತ್ತು ನಿಮಿಷವಾಯಿತು. ಕೊನೆಯಲ್ಲಿ ಅವನು, "ಅಂದ್ರೆ ನನ್ನ ಬ್ಯಾಂಕ್ ಬ್ಯಾಲೆನ್ಸೂ ತಿಂಗಳ ಕೊನೆಗೆ ಹೆಚ್ಚತ್ತೆ" ಎಂದ. ಅರ್ಥವಾಗಿದೆ ಎಂದು ಸಮಾಧಾನವಾಯಿತು.

ಪುಟಕ್ಕೊಂದು ಚಿತ್ರ ಬೇಕೆಂದಳು ಪುಟ್ಟಿ. ಅಮ್ಮನಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ. ಮದುವೆ ಗುಂಪಿನಲ್ಲೂ ಯಾರದೋ ಭುಜದ ಹಿಂದೆ ಅವಳ ಅರ್ಧ ಹಣೆ ಮಾತ್ರ ಸಿಗುವುದು. ಅವಳು ಪೂರ್ತಿ ಸಿಕ್ಕಿದ್ದು ಒಂದೇ ಒಂದು ಫೋಟೋದಲ್ಲಿ. ಅಪ್ಪನ ಸ್ನೇಹಿತರೊಬ್ಬರು ಹೇಳದೆ ಕೇಳದೆ ತೆಗೆದ ಕಪ್ಪು ಬಿಳುಪು ಚಿತ್ರ. ಹೊಸ್ತಿಲ ಒಳಗೆ ನಿಂತಿದ್ದಾಳೆ. ಒಂದು ಕೈಯಲ್ಲಿ ಸೆರಗಿನ ತುದಿ, ಇನ್ನೊಂದು ಕೈ ಅರ್ಧ ಮೇಲೆದ್ದಿದೆ, ತುಟಿ ತುಸು ತೆರೆದಿದೆ. ಹೊರಗೆ ನಿಂತ ಯಾರಿಗೋ ಏನೋ ಹೇಳುತ್ತಿದ್ದಾಳೆ. ಆ ಯಾರೋ ಚಿತ್ರದಲ್ಲಿಲ್ಲ. ಎರರ್ ಪೇಜಿಗೆ ಇದಕ್ಕಿಂತ ಬೇಕೇ?

ಹಾಕಿದೆ. ಮುಖಪುಟದ ಪಕ್ಕದಲ್ಲಿ ತಪ್ಪು ವಿಳಾಸ ಕೊಟ್ಟು ನೋಡಿದರೆ ಅಮ್ಮ ನಿಂತಿದ್ದಾಳೆ. ಗೊಜ್ಜಿನ ಒಳಗಿನ ಇನ್ನೊಂದು ಕೋಣೆಯಲ್ಲಿ ತಪ್ಪು ವಿಳಾಸ ಕೊಟ್ಟರೆ ಬಣ್ಣವಿಲ್ಲ, ಅಂಚಿಲ್ಲ, ಅಮ್ಮನಿದ್ದ ಜಾಗದಲ್ಲಿ ಹರಿದ ಚಿತ್ರದ ಗುರುತು. ತಪ್ಪಿಗೆಂದು ಮಾಡಿದ ಪುಟವೇ ತಪ್ಪಿಹೋಗಿತ್ತು. ನಾನು ಚಿತ್ರದ ವಿಳಾಸವನ್ನು "ಇಲ್ಲೇ ಪಕ್ಕದಲ್ಲಿದೆ" ಎಂಬಂತೆ ಬರೆದಿದ್ದೆ. ಆದರೆ ಎರರ್ ಪೇಜ್ ಎಲ್ಲಿಂದ ಕಾಣಿಸಿಕೊಳ್ಳುತ್ತದೋ ಅದರ "ಪಕ್ಕ"ವೂ ಅಲ್ಲೇ ಆಗುತ್ತದೆ. ವಿಳಾಸದ ಮೊದಲಿಗೆ ಒಂದು ಓರೆಗೆರೆ ಹಾಕಬೇಕು. ಹಾಕಿದರೆ "ಎಲ್ಲೇ ಇರು, ಹೆಬ್ಬಾಗಿಲಿಂದ ಎಣಿಸಿಕೊಂಡು ಬಾ" ಎಂದರ್ಥ. ಒಂದು ಗೆರೆ ಎಳೆದೆ. ಅಮ್ಮ ಎಲ್ಲ ಬಾಗಿಲಲ್ಲೂ ಬಂದು ನಿಂತಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮ್ಮನ ಪರಿವಿಡಿಯಲ್ಲಿ ನಿಜಕ್ಕೂ ಹೆಚ್ಚಿದ ಒಂದು ಪುಟವಿತ್ತು. 44ನೇ ಪುಟ, "ದೊಡ್ಡಮ್ಮನ ಗೊಜ್ಜು" ಎಂದಿದೆ. ಪುಸ್ತಕ ತೆರೆದರೆ 42 ಆದ ಮೇಲೆ 45. ನಡುವಿನ ಹಾಳೆ ಹೊಲಿಗೆಯ ಹತ್ತಿರ ಹರಿದುಹೋಗಿದೆ. ಯಾವ ತರಕಾರಿಯ ಗೊಜ್ಜೋ ಯಾರಿಗೂ ಗೊತ್ತಿಲ್ಲ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ಲೆಕ್ಕ ಹಾಕಿ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷಗಳಲ್ಲಿ ಸಿಗದಂತಾದವು ಎಂದು 2024ರಲ್ಲಿ ವರದಿ ಮಾಡಿದ್ದಾರೆ. ಆ ಲೆಕ್ಕದಲ್ಲಿ ನೋಡಿದರೆ, ಅರ್ಧ ಶತಮಾನ ಒಗ್ಗರಣೆಯ ಪಕ್ಕದಲ್ಲೇ ಬಾಳಿ ಒಂದೇ ಒಂದು ಹಾಳೆ ಕಳೆದುಕೊಂಡ ಅಮ್ಮನ ನೋಟುಬುಕ್ಕು ಯಾವ ಸರ್ವರಿಗೂ ಕಮ್ಮಿಯಿಲ್ಲ. ಆದರೂ ಆ ಹಾಳೆ ಬಾಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು.

ಯುರೋಪಿನಲ್ಲಿ ಕಾಣೆಯಾದ ಮಕ್ಕಳನ್ನು ಹುಡುಕುವ ಸಂಸ್ಥೆಗಳು 2012ರಲ್ಲಿ ಒಂದು ಉಪಾಯ ಮಾಡಿದವು ಎಂದು ಪುಟ್ಟಿ ಹೇಳಿದಳು. ಜನ ಹೇಗೂ ಸಿಗದ ಪುಟಗಳಿಗೆ ಬಂದು ಮುಗ್ಗರಿಸುತ್ತಾರೆ, ಆ ಖಾಲಿ ಜಾಗದಲ್ಲಿ ಸಿಗದ ಮಕ್ಕಳ ಫೋಟೋ ಹಾಕೋಣ ಎಂದು. ನೂರಾರು ವೆಬ್‌ಸೈಟಿನವರು ತಮ್ಮ 404 ಪುಟವನ್ನು ಅದಕ್ಕೆ ಬಿಟ್ಟುಕೊಟ್ಟರಂತೆ. ನಮ್ಮ ಬಸ್ ಸ್ಟ್ಯಾಂಡಿನ ಕಂಬಗಳ ಮೇಲಿನ "ಕಾಣೆಯಾಗಿದ್ದಾರೆ" ಕಾಗದಗಳು ನೆನಪಾಗಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಾದೆವು. ಆಮೇಲೆ, ಆ ತಾಯಿ ತಂದೆಯರ ಕ್ಷಮೆ ಕೇಳಿಕೊಂಡೇ, ನಾನೂ ನಮ್ಮ ಪುಟದ ಕೆಳಗೆ ಒಂದು ಪ್ರಕಟಣೆ ಸೇರಿಸಿದೆ.

"ಕಾಣೆಯಾಗಿದೆ. ಹೆಸರು: ದೊಡ್ಡಮ್ಮನ ಗೊಜ್ಜು. ಚಹರೆ: ಕಂದು ಮೈಬಣ್ಣ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ಕಾಣೆಯಾದಾಗ ಇದ್ದ ಪಾತ್ರೆ: ಕಲ್ಮರಿಗೆ. ಕೊನೆಯ ಸಲ ಕಂಡದ್ದು: ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ. ಸುಳಿವು ಸಿಕ್ಕವರು ಮನೆಗೆ ಫೋನ್ ಮಾಡಿ."

ಫೋನುಗಳು ಬಂದವು. ಅದು ಮಾವಿನಕಾಯಿಯದು, ಬೆಲ್ಲ ಜಾಸ್ತಿ ಎಂದಳು ಅಕ್ಕ. ಹಾಗಲಕಾಯಿಯದು, ಆದ್ದರಿಂದಲೇ ಯಾರೂ ನೆನಪಿಟ್ಟುಕೊಂಡಿಲ್ಲ ಎಂದ ಅಣ್ಣ. ಎಂಬತ್ತೊಂದು ವರ್ಷದ ಚಿಕ್ಕಮ್ಮ ಪ್ರಕಟಣೆಯನ್ನು ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡು, "ನಮ್ಮ ದೊಡ್ಡಮ್ಮಂಗೆ ಗೊಜ್ಜು ಮಾಡಕ್ಕೇ ಬರ್ತಿರಲಿಲ್ಲ ಕಣೆ" ಎಂದರು. ಮೂರೂ ಸುಳಿವು ಹಿಡಿದು ಹೊರಟೆ. ಮೊದಲೆರಡು ಗೊಜ್ಜು ಮಾಡಿದೆ, ಚೆನ್ನಾಗಿಯೇ ಇದ್ದವು, ಅದಲ್ಲ.

ಪುಟ್ಟಿ ಇನ್ನೊಂದು ಸಂಖ್ಯೆಯ ವಿಷಯ ತೆಗೆದಳು. 410. ಇತ್ತು, ಈಗಿಲ್ಲ, ಇನ್ನು ಬರುವ ಹಾಗೂ ಇಲ್ಲ ಎಂದು ತಿಳಿದಿರುವಾಗ ಹೇಳುವ ಸಂಖ್ಯೆ. 44ನೇ ಪುಟಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದು ಅದೇ. "ಆದ್ರೆ ನಮ್ಮಂಥ ಬಿಟ್ಟಿ ಸ್ಟ್ಯಾಟಿಕ್ ಸೈಟಲ್ಲಿ ಅದನ್ನ ಹೇಳಿಸಕ್ಕಾಗಲ್ಲ ಅತ್ತೆ. ಇದಕ್ಕೆ 404 ಒಂದೇ ಗೊತ್ತಿರೋದು." 404 ಅನ್ನುವ ಸಂಖ್ಯೆ ಸದ್ಯಕ್ಕೆ ಇಲ್ಲವೋ ಶಾಶ್ವತವಾಗಿ ಇಲ್ಲವೋ ಎಂದು ಬಾಯಿಬಿಡುವುದಿಲ್ಲವಂತೆ. ನಿಯಮದಲ್ಲೇ ಹಾಗಿದೆಯಂತೆ. ಹೊರಡುವಾಗ "ಹೋಗ್ತೀನಿ" ಅಂದರೆ ಬೈಸಿಕೊಂಡು, "ಹೋಗಿ ಬರ್ತೀನಿ" ಎಂದು ತಿದ್ದಿ ಹೇಳಿ ಬೆಳೆದವಳು ನಾನು. ದುಡ್ಡು ಕೊಟ್ಟು 410 ತರುವುದು ಬೇಡ ಎಂದೆ. ಪರಿವಿಡಿಯಲ್ಲಿ 44ರ ಕೊಂಡಿಯನ್ನು ಹಾಗೇ ಬಿಟ್ಟಿದ್ದೇನೆ.

ಇಡೀ ಪ್ರಕರಣದಲ್ಲಿ ಅಣ್ಣನದು ಮಾತ್ರ ಮೊದಲಿನಿಂದ ಅಸಹಕಾರ. "ಅಡುಗೆ ನೋಡ್ಕೊಂಡು ಮಾಡೋದಾದ್ರೆ ಅಮ್ಮನ ಮಕ್ಕಳು ಯಾಕಾಗಬೇಕಿತ್ತು?" ಎಂದು ಕೊಂಕು. ಕಳೆದ ಭಾನುವಾರ ರಾತ್ರಿ ಫೋನ್ ಮಾಡಿದ. ಅತ್ತ ಇತ್ತ ಮಾತಾಡಿ, ಕೆಮ್ಮಿ, "ನಿನ್ನ ವೆಬ್‌ಸೈಟಿಗೇನೋ ಆಗಿದೆ ಕಣೆ" ಎಂದ.

"ಏನಾಯ್ತೋ?"

"ದಿನಾ ರಾತ್ರಿ ಮಲಗೋ ಮುಂಚೆ ವಿಳಾಸ ಹೊಡೆದು, ಮುಂದೆ ಏನಾದ್ರೂ ಬಾಯಿಗೆ ಬಂದಿದ್ದು ಒತ್ತುತೀನಿ. ಅಮ್ಮ ಬರ್ತಾಳಲ್ಲ. ನಿನ್ನೆ ಯಾವುದೋ ಜ್ಞಾನದಲ್ಲಿ ಸರಿಯಾಗಿ ಒತ್ತಿಬಿಟ್ಟೆ ಅಂತ ಕಾಣತ್ತೆ. ಬಿಸಿಬೇಳೆ ಹುಳಿಯನ್ನ ಬಂತು."